ಹರಿಯುವ ರಕ್ತದಲ್ಲಿ ಬ್ಯಾಕ್ಟೀರಿಯಾ ಮತ್ತು ಕಿರುತಟ್ಟೆಗಳು: ಪ್ರಯೋಗವಿಧಾನದ ವಿಮರ್ಶೆ

ವೈದ್ಯರು ಪ್ಲೇಟ್‌ಲೆಟ್ ಎಂದು ಕರೆಯುವ ರಕ್ತದ ಕಿರುತಟ್ಟೆಗಳಿಗೆ ಬ್ಯಾಕ್ಟೀರಿಯಾಗಳು ಅಂಟಿಕೊಳ್ಳುವ ಬಗೆಯನ್ನು ಕುರಿತು ಅರ್ಧ ಶತಮಾನಕ್ಕೂ ಮೀರಿ ಸಂಶೋಧನೆ ನಡೆದಿದೆ. ಆ ಸಂಶೋಧನೆಯ ಫಲಗಳಿಗಿಂತ ಅದರ ವಿಧಾನವನ್ನು ಪರಾಮರ್ಶಿಸುವುದು ಇಲ್ಲಿ ನಮ್ಮ ಉದ್ದೇಶ. ಕೊಳವೆಯೊಳಗಿನ ದ್ರವದಲ್ಲಿ ಕಂಡ ಅಂಟನ್ನೇ ಹರಿಯುವ ರಕ್ತದ ಅಂಟೆಂದು ಭಾವಿಸುವುದು ಎಷ್ಟರಮಟ್ಟಿಗೆ ಸಮಂಜಸ ಎಂಬುದೇ ಮುಖ್ಯ ಪ್ರಶ್ನೆ.

ಇದು ಬರಿಯ ಪ್ರಯೋಗಶಾಲೆಯ ಪ್ರಶ್ನೆಯಲ್ಲ. ಹೃದಯದ ಒಳಪೊರೆಗೆ ತಗಲುವ ಎಂಡೋಕಾರ್ಡೈಟಿಸ್ ಸೋಂಕಿನಲ್ಲಿ ಬ್ಯಾಕ್ಟೀರಿಯಾ, ಕಿರುತಟ್ಟೆ, ಫೈಬ್ರಿನ್ ಇವು ಕೂಡಿ ಕವಾಟದ ಮೇಲೆ ಗಂಟಾಗಿ ಬೆಳೆಯುತ್ತವೆ. ಅದರ ಚೂರೊಂದು ಕಳಚಿ ಮಿದುಳಿನ ಧಮನಿಯನ್ನು ಮುಚ್ಚಿದರೆ ಪಾರ್ಶ್ವವಾಯು ಉಂಟಾಗಬಹುದು. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ಇಂದಿಗೂ ವಿರಳರಲ್ಲದ ನಮ್ಮ ದೇಶದಲ್ಲಿ ಈ ವಿಷಯದ ಮಹತ್ವವನ್ನು ವಿವರಿಸಬೇಕಾಗಿಲ್ಲ.

1962ರಲ್ಲಿ ಬಾರ್ನ್ ಎಂಬ ವಿಜ್ಞಾನಿ ಪ್ರಕಟಿಸಿದ ವಿಧಾನವು ಸರಳವಾದುದು. ಕಿರುತಟ್ಟೆಗಳಿರುವ ಪ್ಲಾಸ್ಮಾವನ್ನು ಕಲಕುತ್ತ ಅದರ ಮೂಲಕ ಬೆಳಕನ್ನು ಹಾಯಿಸಬೇಕು. ಕಣಗಳು ಗುಂಪುಗೂಡಿದಂತೆ ಹೆಚ್ಚು ಬೆಳಕು ಹೊರಬರುವುದು. ಈ ವಿಧಾನಕ್ಕೆ ನಾವು ಋಣಿಗಳು. ಸ್ಟ್ಯಾಫಿಲೋಕಾಕಸ್ ಆರಿಯಸ್ ತನ್ನ ಮೈಮೇಲಿನ ‘ಕ್ಲಂಪಿಂಗ್ ಫ್ಯಾಕ್ಟರ್ ಎ’ ಎಂಬ ಪ್ರೋಟೀನಿನಿಂದ ಫೈಬ್ರಿನೋಜೆನನ್ನು ಹಿಡಿದು, ಅದನ್ನೇ ಸೇತುವೆಯಾಗಿಸಿ ಕಿರುತಟ್ಟೆಯ 2ಬಿ-3ಎ ಗ್ರಾಹಕವನ್ನು ಮುಟ್ಟುವುದೆಂಬ ತಿಳಿವಳಿಕೆ ಬೆಳೆದುದರಲ್ಲಿ ಇದರ ಪಾಲು ದೊಡ್ಡದು. ಆದರೆ ಕಲಕುವುದು ಹರಿಸಿದಂತೆ ಆಗಲಾರದು. ಕೊಳವೆಯಲ್ಲಿ ಕಣಗಳು ಒಂದನ್ನೊಂದು ಸಂಧಿಸಲು ನಿಮಿಷಗಟ್ಟಲೆ ಅವಕಾಶವುಂಟು. ಧಮನಿಯ ಗೋಡೆಯ ಬಳಿ ಸಾಗುವ ಕಣಕ್ಕೆ ದೊರೆಯುವುದು ಕ್ಷಣದ ಅಲ್ಪಾಂಶ ಮಾತ್ರ. ಮೇಲಾಗಿ ಕೊಳವೆಗೆ ಮಿಲಿಲೀಟರಿಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳನ್ನು ಸುರಿಯುವುದು ವಾಡಿಕೆ. ರೋಗಿಯ ರಕ್ತದಲ್ಲಿ ಅವು ಸಾಮಾನ್ಯವಾಗಿ ಮಿಲಿಲೀಟರಿಗೆ ನೂರರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ ಇರುತ್ತವೆ.

ನಾಳದ ನಡುವೆ ರಕ್ತವು ವೇಗವಾಗಿಯೂ ಗೋಡೆಯ ಬಳಿ ನಿಧಾನವಾಗಿಯೂ ಹರಿಯುತ್ತದೆ. ಹೀಗೆ ಪದರದ ಮೇಲೆ ಪದರ ಜಾರುವ ದರವನ್ನು ‘ಜಾರುದರ’ ಎಂದು ಕರೆಯೋಣ. ಅಭಿಧಮನಿಗಳಲ್ಲಿ ಇದು ಸೆಕೆಂಡಿಗೆ ಸುಮಾರು 20ರಿಂದ 200, ದೊಡ್ಡ ಧಮನಿಗಳಲ್ಲಿ 300ರಿಂದ 800. ಕಿರುಧಮನಿಗಳಲ್ಲಿ ಇನ್ನೂ ಹೆಚ್ಚು. ಗಾಜಿನ ಫಲಕದ ಮೇಲೆ ಬ್ಯಾಕ್ಟೀರಿಯಾಗಳನ್ನು ನೆಲೆಗೊಳಿಸಿ, ಗೊತ್ತಾದ ಜಾರುದರದಲ್ಲಿ ಕಿರುತಟ್ಟೆಗಳನ್ನು ಹಾಯಿಸುವ ಪ್ರಯೋಗಗಳು ಡಬ್ಲಿನ್ನಿನಲ್ಲಿ ನಡೆದಾಗ ಚಿತ್ರವೇ ಬದಲಾಯಿತು. ಸ್ಟ್ರೆಪ್ಟೋಕಾಕಸ್ ಗಾರ್ಡೋನೈ ಮೇಲೆ ಕಿರುತಟ್ಟೆಗಳು ಕಡಿಮೆ ಜಾರುದರದಲ್ಲಿ ಮೊದಲು ಉರುಳುತ್ತ ಬಂದು, ಬಳಿಕ ನೆಲೆನಿಂತವು; ಇದಕ್ಕೆ ಕಾರಣ ‘ಎಚ್‌ಎಸ್‌ಎ’ ಎಂಬ ಪ್ರೋಟೀನ್ ಕಿರುತಟ್ಟೆಯ 1ಬಿ ಗ್ರಾಹಕವನ್ನು ಹಿಡಿಯುವುದು. ಸ್ಟ್ಯಾಫಿಲೋಕಾಕಸ್ ಆದರೋ ಧಮನಿಯ ಜಾರುದರದಲ್ಲಿಯೇ ಕಿರುತಟ್ಟೆಗಳನ್ನು ಗುಂಪುಗೂಡಿಸಿತೆಂದು 2008ರಲ್ಲಿ ಪ್ರಕಟವಾಯಿತು. ಕೊಳವೆಯಲ್ಲಿ ಎರಡೂ ‘ಗುಂಪುಗೂಡಿಸುವ’ ಜೀವಿಗಳೇ. ಹರಿವಿನಲ್ಲಿ ಅವುಗಳ ದಾರಿ ಬೇರೆ ಬೇರೆ.

ಇದರ ಹಿಂದೆ ಇನ್ನೂ ಆಳವಾದ ಮಾತೊಂದುಂಟು. ಎಳೆದರೆ ಕಳಚುವುದು ಅಂಟಿನ ಸ್ವಭಾವವೆಂದು ನಾವು ಸಹಜವಾಗಿ ನಂಬುತ್ತೇವೆ. ಎಳೆದಷ್ಟೂ ಬಿಗಿಯುವ ಗಂಟುಗಳೂ ಇವೆ. ಈ ಗುಣವನ್ನು 2002ರಲ್ಲಿ ಎಶ್ಚರೀಷಿಯಾ ಕೋಲೈಯ ಅಂಟುಪ್ರೋಟೀನಿನಲ್ಲಿ ತೋರಿಸಲಾಯಿತು. ಕ್ಲಂಪಿಂಗ್ ಫ್ಯಾಕ್ಟರ್ ಎ ಕೂಡ ಬಲಕ್ಕೆ ಒಳಗಾದಾಗ ಹೆಚ್ಚು ಗಟ್ಟಿಯಾಗಿ ಫೈಬ್ರಿನೋಜೆನನ್ನು ಹಿಡಿಯುವುದೆಂದು 2018ರಲ್ಲಿ ತಿಳಿದುಬಂದಿತು. ಆದುದರಿಂದ ಹರಿವು ಅಂಟಿಗೆ ಒದಗುವ ಅಡ್ಡಿ ಮಾತ್ರವಲ್ಲ, ಕೆಲವೆಡೆ ಅದರ ಕಾರಣವೂ ಹೌದು. ಹರಿವನ್ನು ಕೈಬಿಟ್ಟ ಪ್ರಯೋಗವು ಇಂಥ ಗುಣವನ್ನು ಕಾಣಲಾರದು.

ಹಾಗೆಂದು ಹರಿವಿನ ಪ್ರಯೋಗಗಳು ದೋಷರಹಿತವೆಂದು ನಾವು ಹೇಳುವುದಿಲ್ಲ. ಅವುಗಳಲ್ಲಿ ಎಷ್ಟೋ ಕಡೆ ಬ್ಯಾಕ್ಟೀರಿಯಾ ಸ್ಥಿರ, ಕಿರುತಟ್ಟೆ ಚರ. ಘಾಸಿಗೊಂಡ ಕವಾಟದಲ್ಲಾದರೋ ಮೊದಲೇ ನೆಲೆಸಿದ ಕಿರುತಟ್ಟೆಗಳ ಬಳಿಗೆ ಬ್ಯಾಕ್ಟೀರಿಯಾ ತೇಲಿಬರಬಹುದು. ರಕ್ತದ ಗಾತ್ರದಲ್ಲಿ ಅರ್ಧಕ್ಕೆ ಸಮೀಪವಿರುವ ಕೆಂಪುಕಣಗಳು ನಾಳದ ನಡುವೆ ಸಾಗುತ್ತ ಕಿರುತಟ್ಟೆಗಳನ್ನು ಗೋಡೆಯತ್ತ ದೂಡುತ್ತವೆ. ಅವನ್ನು ಬಿಟ್ಟು ನಡೆಸಿದ ಪ್ರಯೋಗದಲ್ಲಿ ಈ ದೂಡುವಿಕೆ ಇಲ್ಲ. ಸಮವೇಗದ ಪಂಪು ಹೃದಯದ ಮಿಡಿತವನ್ನು ಅನುಕರಿಸದು.

ಈ ಎಚ್ಚರಿಕೆ ಏಕೆ ಬೇಕೆಂಬುದನ್ನು ಚಿಕಿತ್ಸೆಯ ಇತಿಹಾಸ ತೋರಿಸುತ್ತದೆ. ಕಿರುತಟ್ಟೆಗಳನ್ನು ತಡೆದರೆ ಚೂರು ಕಳಚುವುದೂ ಕಡಿಮೆಯಾದೀತೆಂಬ ನಿರೀಕ್ಷೆಯಿಂದ ಕೆನಡದ ಸಂಶೋಧಕರು 115 ರೋಗಿಗಳಲ್ಲಿ ದಿನಕ್ಕೆ 325 ಮಿಲಿಗ್ರಾಂ ಆಸ್ಪಿರಿನ್ನನ್ನು ಪರೀಕ್ಷಿಸಿ 2003ರಲ್ಲಿ ಫಲವನ್ನು ಪ್ರಕಟಿಸಿದರು. ಪ್ರಯೋಜನ ಕಾಣಲಿಲ್ಲ, ರಕ್ತಸ್ರಾವ ಹೆಚ್ಚಬಹುದೆಂಬ ಸೂಚನೆ ಕಂಡಿತು. ಈ ವೈಫಲ್ಯವನ್ನೆಲ್ಲ ಕೊಳವೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಚಿಕಿತ್ಸೆ ಆರಂಭವಾಗುವ ವೇಳೆಗೆ ರೋಗವು ಬೇರೂರಿತ್ತು. ಆದರೂ ಕೊಳವೆಯಿಂದ ಹಾಸಿಗೆಯವರೆಗಿನ ದೂರ ಎಷ್ಟೆಂಬುದು ಇದರಿಂದ ವ್ಯಕ್ತವಾಗುತ್ತದೆ.

‘ಈ ಬ್ಯಾಕ್ಟೀರಿಯಾ ಕಿರುತಟ್ಟೆಗೆ ಅಂಟುತ್ತದೆ’ ಎಂಬ ವಾಕ್ಯವು ಅಪೂರ್ಣವೆಂಬುದೇ ನಮ್ಮ ಅಭಿಪ್ರಾಯ. ಯಾವ ಜಾರುದರದಲ್ಲಿ, ಯಾವ ಪ್ರೋಟೀನಿನ ಮೂಲಕ, ಕೆಂಪುಕಣಗಳಿದ್ದವೋ ಇಲ್ಲವೋ, ಇಷ್ಟನ್ನೂ ಹೇಳಿದಾಗಲೇ ಅದು ಪೂರ್ಣವಾದೀತು. ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕರೂ ಪ್ರಬಂಧ ಬರೆಯುವ ವಿದ್ಯಾರ್ಥಿಗಳೂ ಈ ಪ್ರಶ್ನೆಗಳನ್ನು ತಪ್ಪದೆ ಕೇಳಿಕೊಳ್ಳುವುದು ಅವಶ್ಯ.