ಬೆಳೆ ಕೈಸೇರುವ ಮೊದಲೇ ಚೆಲ್ಲುವ ಚರಗ

ಕಾಳು ಕಣಕ್ಕೆ ಬಂದ ಮೇಲೆ ರಾಶಿ ಪೂಜೆ ಮಾಡುವುದು ಸಹಜ. ಸಿಕ್ಕಿದ್ದಕ್ಕೆ ಕೈ ಮುಗಿಯುವುದು ಯಾರಿಗೂ ಕಷ್ಟವಲ್ಲ. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳು ಸೀಗೆ ಹುಣ್ಣಿಮೆಗೂ ಎಳ್ಳು ಅಮಾವಾಸ್ಯೆಗೂ ಹೊಲದಲ್ಲಿ ಚೆಲ್ಲುವ ಚರಗ, ಅಂದರೆ ಭೂಮಿತಾಯಿಗೆ ಸಲ್ಲಿಸುವ ಎಡೆ, ಬೇರೆ ಬಗೆಯದು. ಆಗ ಬೆಳೆ ಇನ್ನೂ ನಿಂತೇ ಇರುತ್ತದೆ. ಹುಳ ಬೀಳಬಹುದು, ಮಂಜು ಕವಿಯಬಹುದು, ಅಕಾಲದ ಮಳೆ ಸುರಿಯಬಹುದು, ಎಲ್ಲ ಸರಿಹೋದರೂ ದರ ಕುಸಿಯಬಹುದು. ಇಷ್ಟೆಲ್ಲ ಗೊತ್ತಿದ್ದೂ ಭೂಮಿತಾಯಿಗೆ ಮೊದಲು ಉಣ್ಣಿಸುತ್ತಾರೆ. ಕೃತಜ್ಞತೆಯನ್ನು ಇಷ್ಟು ದೊಡ್ಡ ಮನಸ್ಸಿನಿಂದ ಸಲ್ಲಿಸುವ ಆಚರಣೆ ನಮ್ಮಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಅದರ ಕೊರತೆಗಳನ್ನು ಎತ್ತಿ ಹೇಳಬೇಕೆನಿಸುವುದೂ ಈ ನಂಬಿಕೆಯಿಂದಲೇ.

ಚರಗದ ಅರ್ಥವೆಲ್ಲ ಅದರ ಕಾಲದಲ್ಲಿದೆ. ಮಾರ್ಗಶಿರದ ಅಮಾವಾಸ್ಯೆಯ ಹೊತ್ತಿಗೆ ಎರೆಹೊಲದ ಬಿಳಿಜೋಳ ತೆನೆ ಹಾಯುವ ಹಂತಕ್ಕೆ ಬಂದಿರುತ್ತದೆ. ಹಿಂಗಾರಿ ಜೋಳ ಬೆಳೆಯುವುದು ಹೆಚ್ಚಾಗಿ ಕಪ್ಪುಮಣ್ಣು ಒಡಲಲ್ಲಿ ಹಿಡಿದಿಟ್ಟುಕೊಂಡ ಹಸಿಯ ಮೇಲೆ. ಮೋಡ ಹೋದ ಮೇಲೂ ನೆಲವೇ ಸಾಕುತ್ತದೆ. ಆ ನೆಲವನ್ನು ಬಸುರಿ ಎಂದು ಕಂಡು ಬಯಕೆಯ ಊಟ ಬಡಿಸುವವರ ಕಲ್ಪನೆಯ ಹಿಂದೆ ಬೇಸಾಯದ ಅನುಭವ ಗಟ್ಟಿಯಾಗಿದೆ. ಸೀಗೆ ಹುಣ್ಣಿಮೆಯನ್ನೇ ಭೂಮಿ ಹುಣ್ಣಿಮೆ ಎನ್ನುವ ಮಲೆನಾಡಿನಲ್ಲಿಯೂ ಇದೇ ಭಾವ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳಲ್ಲಿ ಚಿತ್ತಾರ ಬರೆಯುತ್ತಾರೆ. ಗದ್ದೆಗೆ ಹೋಗುವ ಊಟ ಆ ಬುಟ್ಟಿಯಲ್ಲೇ ಹೋಗಬೇಕು.

ಬೀದರ, ಕಲಬುರಗಿಯ ಕಡೆ ಎಳ್ಳು ಅಮಾವಾಸ್ಯೆಯ ಬುತ್ತಿ ಎಂದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಅಂಬಲಿ, ಹಸಿ ತೊಗರಿ, ಅವರೆ, ಕಡಲೆ, ಸೊಪ್ಪುಗಳನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ. ಗಡಿಯಾಚೆಯ ಲಾತೂರಿನಲ್ಲೂ ಅದೇ ಅಮಾವಾಸ್ಯೆಗೆ ಜನ ಹೊಲಕ್ಕೆ ಹೋಗಿ ಇಂಥದೇ ಊಟ ಮಾಡುತ್ತಾರೆ. ಹೊಲದಲ್ಲಿ ಐದು ಕಲ್ಲು ನಿಲ್ಲಿಸಿ ಪಾಂಡವರೆಂದು ಪೂಜಿಸಿ, ಒಬ್ಬರು ಕೂಗುತ್ತ ಚರಗ ಚೆಲ್ಲಿದರೆ ಹಿಂದಿನವರು ನೀರು ಚಿಮುಕಿಸುತ್ತ ದನಿಗೂಡಿಸುತ್ತಾರೆ. ಬಿದ್ದ ಅಗುಳು ಹಕ್ಕಿಗೆ, ಇರುವೆಗೆ, ಇಲಿಗೆ. ಬೆಳೆಯನ್ನು ತಿಂದು ಹಾಳುಮಾಡುವವಕ್ಕೂ ಅಂದು ಪಾಲುಂಟು. ಆಮೇಲೆ ಅಜ್ಜನಿಂದ ಮೊಮ್ಮಕ್ಕಳವರೆಗೆ ಮನೆಮಂದಿಯೆಲ್ಲ ಅಲ್ಲೇ ಕುಳಿತು ಉಣ್ಣುತ್ತಾರೆ. ತಾವು ಉಣ್ಣುವ ಅನ್ನ ಎಲ್ಲಿಂದ ಬರುತ್ತದೆ ಎಂದು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಹರಕೆಯ ಜೊತೆಗಿಟ್ಟು ನೋಡಿದರೆ ಚರಗದ ಹಿರಿಮೆ ಎದ್ದು ಕಾಣುತ್ತದೆ. ಹರಕೆಯಲ್ಲಿ ಶರತ್ತು ಇದೆ: ಇದು ಆದರೆ ಅದು ಕೊಡುತ್ತೇನೆ. ಚರಗದಲ್ಲಿ ಮೊದಲು ಕೊಡುವುದು, ಆಮೇಲೆ ಬಂದದ್ದನ್ನು ಒಪ್ಪಿಕೊಳ್ಳುವುದು. ಸಮೃದ್ಧಿಯ ಆಸೆ ಅಲ್ಲೂ ಇದ್ದೇ ಇದೆ. ಆದರೆ ಉಣ್ಣಿಸಿದ್ದಕ್ಕೆ ಲೆಕ್ಕ ಕೇಳುವ ರೂಢಿ ಇಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆ ವರ್ಷವೂ ಜನ ಬಾಡಿದ ಹೊಲಗಳಿಗೆ ಬುತ್ತಿ ಕಟ್ಟಿಕೊಂಡು ಹೋದರು. ಶ್ರದ್ಧೆ ಎಂಬುದನ್ನು ಅಳೆಯುವುದಿದ್ದರೆ ಇಂಥ ವರ್ಷದಲ್ಲೇ ಅಳೆಯಬೇಕು.

ಈಚೆಗೆ ಚರಗಕ್ಕೆ ವಿಜ್ಞಾನದ ಸಮರ್ಥನೆ ಕೊಡುವವರು ಹೆಚ್ಚಾಗಿದ್ದಾರೆ. ಚೆಲ್ಲಿದ ಅನ್ನಕ್ಕೆ ಹಕ್ಕಿಗಳು ಬಂದು ಕೀಡೆಗಳನ್ನೂ ತಿನ್ನುತ್ತವೆ ಎಂಬುದು ಅವರ ವಾದ. ಹಕ್ಕಿ ಹುಳ ತಿನ್ನುವುದು ನಿಜವೇ. ಆದರೆ ವರ್ಷಕ್ಕೆ ಒಂದೆರಡು ದಿನದ ಅಗುಳಿಗೆ ಅಷ್ಟು ದೊಡ್ಡ ಕೆಲಸ ಹೊರಿಸುವುದು ಸರಿಯಲ್ಲ. ಉಪಯೋಗ ತೋರಿಸಿದರೆ ಮಾತ್ರ ಆಚರಣೆಗೆ ಬೆಲೆ ಎಂದುಕೊಂಡರೆ, ಲೆಕ್ಕವಿಲ್ಲದೆ ಕೊಡುವ ಅದರ ಗುಣವನ್ನೇ ನಾವು ಅಳಿಸಿದಂತೆ. ನಗರದ ಉದ್ಯಾನಗಳಲ್ಲಿ ಗೆಳೆಯರು ಸೇರಿ ಮಾಡುವ ಎಳ್ಳು ಅಮಾವಾಸ್ಯೆಯ ಊಟಕ್ಕೂ ಈ ಮಾತು ಅನ್ವಯಿಸುತ್ತದೆ. ಊರಿನ ನೆನಪು, ರೊಟ್ಟಿಯ ರುಚಿ ಅಲ್ಲಿ ಸಿಗುತ್ತವೆ, ಅದು ಒಳ್ಳೆಯದೇ. ಆದರೆ ಕಳೆದುಕೊಳ್ಳುವ ಭಯವಿಲ್ಲದ ಕಡೆ ಚರಗದ ತೂಕ ಇಳಿಯುತ್ತದೆ.

ಇನ್ನು ನನ್ನ ಮುಖ್ಯ ಆಕ್ಷೇಪ. ನಾಲ್ಕಾರು ದಿನ ಮೊದಲೇ ರೊಟ್ಟಿ ಬಡಿಯಲು ಕೂತು, ಹಬ್ಬದ ನಸುಕಿನವರೆಗೆ ಒಲೆಯ ಮುಂದೆ ಇರುವವರು ಹೆಣ್ಣುಮಕ್ಕಳು. ಚರಗ ಚೆಲ್ಲುವ ಗೌರವ ಹೆಚ್ಚಿನ ಮನೆಗಳಲ್ಲಿ ಗಂಡಸರದು. ಹೊಲದ ಕಳೆ ತೆಗೆದ, ಕುಯಿಲಿಗೆ ಬರಲಿರುವ ಕೂಲಿಯವರಿಗೆ ಸ್ವಂತ ಹೊಲವಿಲ್ಲ, ಹಬ್ಬದ ಪಂಕ್ತಿಯಲ್ಲಿ ಸರಿಸಮನಾದ ಜಾಗವೂ ಎಲ್ಲ ಕಡೆ ಇಲ್ಲ. ಇಲಿಗೂ ಪಾಲಿಡುವಷ್ಟು ವಿಶಾಲವಾದ ಆಚರಣೆ ಜಾತಿಯ ಗೆರೆಯ ಮುಂದೆ ನಿಂತುಬಿಡುವುದು ಸಣ್ಣ ದೋಷವಲ್ಲ. ಭೂಮಿಯನ್ನು ತಾಯಿ ಎಂದು ಕರೆಯುವುದು ಸುಲಭ, ಏಕೆಂದರೆ ಭೂಮಿ ಮರುಮಾತಾಡುವುದಿಲ್ಲ, ಕೂಲಿ ಹೆಚ್ಚಿಸು ಎನ್ನುವುದಿಲ್ಲ. ಮಾತಾಡುವವರ ಋಣ ಒಪ್ಪಿಕೊಳ್ಳುವುದೇ ಕಷ್ಟದ ಕೆಲಸ.

ಇದಕ್ಕೆ ಪರಿಹಾರವನ್ನು ಹೊರಗಿನಿಂದ ತರಬೇಕಿಲ್ಲ. ಅಕ್ಕಪಕ್ಕದವರನ್ನು, ಬೀಗರನ್ನು, ಗೆಳೆಯರನ್ನು ಹೊಲಕ್ಕೆ ಕರೆದು ಉಣ್ಣಿಸುವ ರೂಢಿ ಚರಗದಲ್ಲಿ ಮೊದಲಿನಿಂದಲೂ ಇದೆ. ಆ ಕರೆ ಕೂಲಿಯವರ ಮನೆಗೂ ಮೊದಲು ಹೋಗಲಿ. ಚರಗದ ಬುಟ್ಟಿ ಅಡುಗೆ ಮಾಡಿದ ಅವ್ವನ ಕೈಗೂ, ಸೊಸೆಯ ಕೈಗೂ ಬರಲಿ. ಬರುವ ಮೊದಲೇ ಕೃತಜ್ಞರಾಗಿರುವುದನ್ನು ಈ ಆಚರಣೆ ನಮಗೆ ಕಲಿಸಿದೆ. ಈಗಾಗಲೇ ಪಡೆದದ್ದಕ್ಕೆ, ಪಕ್ಕದಲ್ಲೇ ನಿಂತ ಮನುಷ್ಯರಿಗೆ ಕೃತಜ್ಞರಾಗುವುದು ಅದಕ್ಕಿಂತ ಹೆಚ್ಚಿನದೇನಲ್ಲ. ಅದನ್ನು ಮಾಡದೆ ಚರಗ ಪೂರ್ತಿಯಾಗುವುದಿಲ್ಲ.