ಚೌಕಗಳ ಮರೆ

ಡಿಜಿಟಲ್ ಕ್ಯಾಮೊಫ್ಲಾಜ್ ಎಂದರೆ ಪಿಕ್ಸೆಲ್‌ನಂಥ ಪುಟ್ಟ ಚೌಕಗಳನ್ನು ಗುಂಪುಗುಂಪಾಗಿ ಜೋಡಿಸಿ ಮುದ್ರಿಸಿದ ಸೇನಾ ಮರೆಮಾಚು ವಿನ್ಯಾಸ. ಈ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಎರಡು ಪಡೆಗಳು ಹೆಚ್ಚುಕಡಿಮೆ ಒಂದೇ ಬಗೆಯ ಚೌಕಗಳನ್ನು ತೊಟ್ಟವು. ಒಂದರ ಸಮವಸ್ತ್ರ ಇಂದಿಗೂ ಬಳಕೆಯಲ್ಲಿದೆ, ಇನ್ನೊಂದರದು ಹದಿನೈದೇ ವರ್ಷಕ್ಕೆ ಮೂಲೆ ಸೇರಿತು. ಈ ವಿನ್ಯಾಸ ಯಾವಾಗ ಫಲಿಸುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದಕ್ಕೆ ಈ ಎರಡು ಉಡುಪುಗಳ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮರೆಮಾಚುವ ಬಟ್ಟೆಗೆ ಮೊದಲಿಂದಲೂ ಇದ್ದ ತೊಡಕು ದೂರದ್ದು. ದೊಡ್ಡ ದೊಡ್ಡ ಮಚ್ಚೆಗಳ ವಿನ್ಯಾಸ ದೂರದಿಂದ ನೋಡುವವರಿಗೆ ಮೈಯ ಆಕಾರವನ್ನು ಒಡೆದು ತೋರಿಸುತ್ತದೆ, ಹತ್ತಿರ ಬಂದರೆ ಬಣ್ಣ ಬಳಿದ ಬಟ್ಟೆಯೆಂದು ಗೊತ್ತಾಗಿಬಿಡುತ್ತದೆ. ಸಣ್ಣ ಚುಕ್ಕಿಗಳ ವಿನ್ಯಾಸ ಹತ್ತಿರದಿಂದ ಎಲೆ, ಹುಲ್ಲು, ಕಲ್ಲುಗಳ ನಡುವೆ ಬೆರೆಯುತ್ತದೆ. ಆದರೆ ನೂರಾರು ಮೀಟರ್ ದೂರದಲ್ಲಿ ಚುಕ್ಕಿಗಳೆಲ್ಲ ಕಲಸಿ ಒಂದೇ ಬಣ್ಣವಾಗಿ, ಮನುಷ್ಯನ ಆಕಾರ ಎದ್ದು ಕಾಣುತ್ತದೆ. ಎರಡನೇ ಮಹಾಯುದ್ಧದ ಜರ್ಮನ್ ಚುಕ್ಕೆ ವಿನ್ಯಾಸಗಳೂ, ಮೆಟ್ಟಿಲು ಮೆಟ್ಟಿಲಾದ ಅಂಚುಗಳಿದ್ದ ಸೋವಿಯತ್ ವಿನ್ಯಾಸಗಳೂ ಈ ತೊಡಕನ್ನು ತಮ್ಮದೇ ರೀತಿಯಲ್ಲಿ ಎದುರಿಸಲು ಯತ್ನಿಸಿದ್ದವು.

ಇದಕ್ಕೆ ಲೆಕ್ಕಾಚಾರದ ಉತ್ತರ ಕೊಟ್ಟವರು ಅಮೆರಿಕದ ಸೇನಾಧಿಕಾರಿ ಟಿಮೊತಿ ಓನೀಲ್. ಮನಶ್ಶಾಸ್ತ್ರ ಬಲ್ಲವರಾಗಿದ್ದ ಅವರು ಮುಂದೆ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಪಾಠ ಮಾಡಿದರು. 1976ರಲ್ಲಿ ಅವರು ರೂಪಿಸಿದ ‘ಡ್ಯುಯಲ್ ಟೆಕ್ಸ್’ ವಿನ್ಯಾಸವನ್ನು ಮೊದಲು ತೊಟ್ಟದ್ದು ಸೈನಿಕನಲ್ಲ, ಎಂ113 ಶಸ್ತ್ರಸಜ್ಜಿತ ವಾಹನ. ಮೇರಿಲ್ಯಾಂಡ್‌ನ ಅಬರ್ಡೀನ್ ಪರೀಕ್ಷಾ ಮೈದಾನದಲ್ಲಿ ಎರಡು ಇಂಚಿನ ರೋಲರ್‌ನಿಂದ ಅದರ ಮೇಲೆ ಚೌಕ ಚೌಕವಾಗಿ ಬಣ್ಣ ಬಳಿಯಲಾಯಿತು. ನೋಡುಗರಿಗೆ ಅದನ್ನು ಗುರುತಿಸುವುದು ರೂಢಿಯ ವಿನ್ಯಾಸ ಹೊತ್ತ ವಾಹನಗಳಿಗಿಂತ ಕಷ್ಟವಾಯಿತು. ಯುರೋಪಿನಲ್ಲಿದ್ದ ಅಮೆರಿಕದ ಎರಡನೇ ಶಸ್ತ್ರಸಜ್ಜಿತ ಅಶ್ವದಳ ಇದನ್ನು ಕೆಲವು ವರ್ಷ ತನ್ನ ವಾಹನಗಳಿಗೆ ಬಳಸಿತು. ಆಮೇಲೆ ನ್ಯಾಟೋ ಪಡೆಗಳ ಮೂರು ಬಣ್ಣದ ಸಾಮಾನ್ಯ ವಿನ್ಯಾಸ ಅದರ ಜಾಗಕ್ಕೆ ಬಂತು.

ಓನೀಲ್ ಅವರ ತರ್ಕ ಕಣ್ಣಿನ ಕೆಲಸವನ್ನು ಆಧರಿಸಿತ್ತು. ಮನುಷ್ಯನ ದೃಷ್ಟಿ ಎರಡು ಹಂತದಲ್ಲಿ ದುಡಿಯುತ್ತದೆ: ಸುತ್ತಲ ನೋಟದಲ್ಲಿ ಎಲ್ಲೋ ಏನೋ ಇದೆ ಎಂದು ಮೊದಲು ಗಮನ ಸೆಳೆಯುವುದು, ನಂತರ ಅತ್ತ ನೆಟ್ಟು ನೋಡಿ ಅದೇನೆಂದು ಗುರುತಿಸುವುದು. ಒಳ್ಳೆಯ ವಿನ್ಯಾಸ ಎರಡನ್ನೂ ತಪ್ಪಿಸಬೇಕು. ಸಣ್ಣ ಚೌಕಗಳನ್ನು ಗುಂಪು ಮಾಡಿ ದೊಡ್ಡ ಮಚ್ಚೆಗಳನ್ನು ಕಟ್ಟಿದರೆ ಒಂದೇ ಬಟ್ಟೆಯಲ್ಲಿ ಎರಡು ಅಳತೆಯ ವಿನ್ಯಾಸ ಕೂಡುತ್ತವೆ. ಇಳಕಲ್ ಸೀರೆಯ ಕಸೂತಿ ಹತ್ತಿರದಿಂದ ಹೊಲಿಗೆಯಾಗಿ, ದೂರದಿಂದ ಗೋಪುರವಾಗಿ ಕಾಣುವಂತೆ ಇಲ್ಲಿಯೂ ಚೌಕ ಹತ್ತಿರಕ್ಕೆ, ಮಚ್ಚೆ ದೂರಕ್ಕೆ. ಚೌಕದ ಆಕಾರಕ್ಕೆ ಮಾತ್ರ ಮಾಯೆಯೇನೂ ಇಲ್ಲ. ಅದು ರಚಿಸಲು, ಮುದ್ರಿಸಲು ಸುಲಭ, ಅಷ್ಟೇ. ಕೆಲವು ಹೆಜ್ಜೆ ಹಿಂದೆ ಸರಿದರೆ ಅದರ ಮೂಲೆಗಳು ಕಣ್ಣಿಗೆ ಬೀಳುವುದೇ ಇಲ್ಲ.

ಸೈನಿಕರ ಉಡುಪಿಗೆ ಈ ತತ್ವವನ್ನು ಮೊದಲು ತಂದದ್ದು ಕೆನಡಾ. ಅಲ್ಲಿನ ‘ಕ್ಯಾಡ್‌ಪ್ಯಾಟ್’ 1990ರ ದಶಕದ ಕೊನೆಯಲ್ಲಿ ಹೆಲ್ಮೆಟ್ ಹೊದಿಕೆಯಾಗಿ ಕಾಣಿಸಿಕೊಂಡು, 2000ದ ದಶಕದ ಆರಂಭದಲ್ಲಿ ಪೂರ್ಣ ಸಮವಸ್ತ್ರವಾಯಿತು. ಅಮೆರಿಕದ ಮೆರೀನ್ ಪಡೆ ಅದರ ರಚನೆಯನ್ನೇ ಆಧಾರವಾಗಿಟ್ಟುಕೊಂಡು, ತನ್ನ ಸ್ನೈಪರ್‌ಗಳ ಅನುಭವವನ್ನು ಬೆರೆಸಿ ‘ಮಾರ್ಪ್ಯಾಟ್’ ಸಿದ್ಧಪಡಿಸಿತು. 2002ರಲ್ಲಿ ಬಳಕೆಗೆ ಬಂದ ಇದಕ್ಕೆ ಕಾಡಿನದೊಂದು, ಮರುಭೂಮಿಯದೊಂದು ಎಂಬ ಎರಡು ಬಣ್ಣದ ಆವೃತ್ತಿಗಳಿವೆ. ಚೌಕಗಳ ನಡುವೆ ಪಡೆಯ ಹದ್ದು, ಭೂಗೋಳ ಮತ್ತು ಲಂಗರಿನ ಲಾಂಛನವನ್ನು ಕಿರಿದಾಗಿ ಅಡಗಿಸಲಾಗಿದೆ.

ಇಂಥ ಬಟ್ಟೆಗೆ ಬಳಸುವ ಬಣ್ಣಗಳಿಗೆ ಹಗಲ ಬೆಳಕಿನ ಆಚೆಗೂ ಒಂದು ಪರೀಕ್ಷೆ ಇದೆ. ಹಸಿ ಎಲೆ ಅವಕೆಂಪು ಬೆಳಕನ್ನು ಜೋರಾಗಿ ಪ್ರತಿಫಲಿಸುತ್ತದೆ. ಮಾಮೂಲಿ ಹಸಿರು ಬಣ್ಣದ ಬಟ್ಟೆ ಅದೇ ಪ್ರಮಾಣದಲ್ಲಿ ಪ್ರತಿಫಲಿಸದಿದ್ದರೆ ರಾತ್ರಿ ನೋಟದ ಉಪಕರಣದಲ್ಲಿ ಗಿಡಗಳ ನಡುವೆ ಸೈನಿಕ ಬೇರೆಯಾಗಿ ಕಾಣುತ್ತಾನೆ. ಆದ್ದರಿಂದ ಪ್ರತಿ ಬಣ್ಣದ ಅವಕೆಂಪು ಪ್ರತಿಫಲನವನ್ನೂ ಹೊಂದಿಸಿ ಮುದ್ರಿಸುತ್ತಾರೆ. ಬಿಳುಪು ಹೆಚ್ಚಿಸುವ ರಾಸಾಯನಿಕವಿರುವ ಸೋಪುಪುಡಿಯಲ್ಲಿ ಒಗೆದರೆ ಈ ಹೊಂದಾಣಿಕೆ ಕೆಡುತ್ತದೆ.

ಅಮೆರಿಕದ ಭೂಸೇನೆ ಮೆರೀನ್‌ಗಳಂತೆ ಎರಡು ಉಡುಪು ಇಟ್ಟುಕೊಳ್ಳಲು ಒಪ್ಪಲಿಲ್ಲ. ಕಾಡು, ಮರುಭೂಮಿ, ನಗರ ಮೂರಕ್ಕೂ ಸಲ್ಲುವ ಒಂದೇ ವಿನ್ಯಾಸ ಬೇಕೆಂದು 2004ರ ಜೂನ್‌ನಲ್ಲಿ ‘ಯೂನಿವರ್ಸಲ್ ಕ್ಯಾಮೊಫ್ಲಾಜ್ ಪ್ಯಾಟರ್ನ್’ ಅಥವಾ ಯುಸಿಪಿಯನ್ನು ಪ್ರಕಟಿಸಿತು. ಮಾರ್ಪ್ಯಾಟ್‌ನ ಚೌಕಗಳಿಗೆ ಮರಳಿನ ಬಣ್ಣ, ಬೂದು, ಬೂದು ಬೆರೆತ ಹಸಿರು ಎಂಬ ಮೂರು ಬಣ್ಣ ತುಂಬಲಾಯಿತು. ಕಪ್ಪು ಇರಲಿಲ್ಲ, ಕಂದೂ ಇರಲಿಲ್ಲ. ಅದಕ್ಕೂ ಮೊದಲಿನ ಎರಡು ವರ್ಷ ಸೇನೆಯೇ ನಡೆಸಿದ ಹೋಲಿಕೆ ಪರೀಕ್ಷೆಗಳಲ್ಲಿ ಈ ಚೌಕ ಮತ್ತು ಈ ಬಣ್ಣಗಳ ಜೋಡಿ ಇರಲೇ ಇಲ್ಲ.

ದೋಷ ಇದ್ದದ್ದು ಬಣ್ಣಗಳ ತಿಳಿ-ಗಾಢ ಅಂತರದಲ್ಲಿ. ಮೂರೂ ಬಣ್ಣಗಳು ತಿಳಿಯಾಗಿದ್ದು ಒಂದಕ್ಕೊಂದು ಹತ್ತಿರವಿದ್ದವು. ದೂರ ಹೆಚ್ಚಿದಂತೆ ಬಣ್ಣದ ಭೇದ ಮಂಕಾಗುತ್ತದೆ, ಬೆಳಕು-ನೆರಳಿನ ಭೇದ ಮಾತ್ರ ಉಳಿಯುತ್ತದೆ. ಯುಸಿಪಿಯಲ್ಲಿ ಆ ಭೇದವೇ ಇಲ್ಲದ್ದರಿಂದ ಚೌಕಗಳು ಮಚ್ಚೆಗಳಾಗುವ ಬದಲು ಬೆರೆತು ಒಂದೇ ಬಿಳಿಚು ಬೂದಾದವು. ಮಾರ್ಪ್ಯಾಟ್‌ನ ಕಪ್ಪು ಮತ್ತು ಕಂದು ಎಲೆಗಳ ನಡುವಿನ ನೆರಳಿನಂತೆ ಉಳಿದು ಆಕಾರ ಒಡೆಯುತ್ತಿದ್ದವು. ಇಲ್ಲಿ ಆ ಕೆಲಸ ಮಾಡುವ ಬಣ್ಣ ಒಂದೂ ಇರಲಿಲ್ಲ. ಅಫ್ಗಾನಿಸ್ತಾನದ ಕಂದು ಗುಡ್ಡ, ಹಸಿರು ಕಣಿವೆಗಳಲ್ಲಿ ಸೈನಿಕರ ದೂರು ಹೆಚ್ಚಿತು. 2009ರಲ್ಲಿ ಅಮೆರಿಕದ ಸಂಸತ್ತು ಅಲ್ಲಿನ ಪಡೆಗಳಿಗೆ ಬೇರೆ ಉಡುಪು ಒದಗಿಸುವಂತೆ ಸೂಚಿಸಿತು. 2010ರಲ್ಲಿ ಅಲ್ಲಿಗೆ ಹೋದದ್ದು ಚೌಕಗಳೇ ಇಲ್ಲದ, ಒಂದರೊಳಗೊಂದು ಕರಗುವ ಬಣ್ಣಗಳ ‘ಮಲ್ಟಿಕ್ಯಾಮ್’. ಅದರ ಹತ್ತಿರದ ಬಂಧುವಾದ ‘ಸ್ಕಾರ್ಪಿಯನ್’ ವಿನ್ಯಾಸ 2015ರಿಂದ ಇಡೀ ಭೂಸೇನೆಯದಾಯಿತು. 2019ರ ಸೆಪ್ಟೆಂಬರ್ ಅಂತ್ಯಕ್ಕೆ ಯುಸಿಪಿ ನಿವೃತ್ತವಾಯಿತು.

ಉಳಿದೆಡೆಯೂ ಚೌಕಗಳು ಅಗತ್ಯಕ್ಕಿಂತ ಆಕರ್ಷಣೆಗೆ ಹರಡಿದ್ದುಂಟು. ಅಮೆರಿಕದ ನೌಕಾಪಡೆ ನೀಲಿ ಚೌಕಗಳ ಉಡುಪು ತಂದಾಗ, ನೀರಿಗೆ ಬಿದ್ದವರನ್ನು ಅದು ಹುಡುಕುವವರಿಂದಲೇ ಅಡಗಿಸುತ್ತದೆ ಎಂದು ನಾವಿಕರು ಗೇಲಿ ಮಾಡಿದರು. ಆ ಬಟ್ಟೆ ಬೆಂಕಿಗೆ ಕರಗುತ್ತದೆಂಬುದೂ ಪರೀಕ್ಷೆಯಲ್ಲಿ ಬಯಲಾಯಿತು. ಅದನ್ನೂ 2019ರಲ್ಲಿ ಕೈಬಿಡಲಾಯಿತು. ಅಫ್ಗಾನ್ ಸೇನೆಗೆ ಅಮೆರಿಕದ ಹಣದಲ್ಲಿ ಕೊಂಡದ್ದು ಖಾಸಗಿ ಕಂಪನಿಯೊಂದರ ಹಸಿರು ಕಾಡಿನ ಡಿಜಿಟಲ್ ವಿನ್ಯಾಸ. ಆ ದೇಶದಲ್ಲಿ ಕಾಡಿರುವುದು ಶೇ 2.1ರಷ್ಟು ನೆಲದಲ್ಲಿ ಮಾತ್ರ ಎಂದೂ, ಈ ಆಯ್ಕೆಗೆ 2.8 ಕೋಟಿ ಡಾಲರ್‌ವರೆಗೆ ಹೆಚ್ಚುವರಿ ಖರ್ಚಾಗಿದೆ ಎಂದೂ ಅಮೆರಿಕದ ವಿಶೇಷ ಲೆಕ್ಕ ತಪಾಸಕರು 2017ರಲ್ಲಿ ವರದಿ ಮಾಡಿದರು.

ವಿನ್ಯಾಸದ ಪರಿಣಾಮವನ್ನು ಅಳೆಯಲು ಸೇನೆಗಳಿಗೆ ಒಂದು ರೂಢಿಯ ವಿಧಾನವಿದೆ. ಬೇರೆ ಬೇರೆ ಉಡುಪು ತೊಟ್ಟವರ ಚಿತ್ರಗಳನ್ನು ನಾನಾ ನೆಲಗಳಲ್ಲಿ, ನಾನಾ ದೂರಗಳಿಂದ ತೆಗೆಯುತ್ತಾರೆ. ನಂತರ ಅವನ್ನು ಪರದೆಯ ಮೇಲೆ ತೋರಿಸಿ, ನೋಡುವ ಸೈನಿಕರು ಎಷ್ಟು ದೂರದಲ್ಲಿ, ಎಷ್ಟು ಬೇಗ ಪತ್ತೆ ಮಾಡುತ್ತಾರೆಂದು ದಾಖಲಿಸುತ್ತಾರೆ. ಇಂಥ ಪರೀಕ್ಷೆಗಳಲ್ಲಿ ನೆಲ ಬದಲಾದರೆ ವಿನ್ಯಾಸಗಳ ಸ್ಥಾನವೂ ಬದಲಾಗುತ್ತದೆ. ಎಲ್ಲೆಡೆ ಮೊದಲು ಬರುವ ಬಟ್ಟೆ ಇಲ್ಲ. ಅಲ್ಲದೆ ಯಾವ ಮುದ್ರಣವೂ ಚಲನೆಯನ್ನಾಗಲಿ, ಮೈಯ ಶಾಖ ಹಿಡಿಯುವ ಥರ್ಮಲ್ ಕ್ಯಾಮೆರಾದಿಂದ ದೇಹವನ್ನಾಗಲಿ ಅಡಗಿಸಲಾರದು.

ಭಾರತದ ಭೂಸೇನೆ 2022ರ ಜನವರಿ 15ರ ಸೇನಾ ದಿನದಂದು, ದೆಹಲಿಯ ಕಾರ್ಯಪ್ಪ ಮೈದಾನದ ಪಥಸಂಚಲನದಲ್ಲಿ ಹೊಸ ಡಿಜಿಟಲ್ ಸಮವಸ್ತ್ರ ಅನಾವರಣಗೊಳಿಸಿತು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಜೊತೆ ಸೇರಿ ರೂಪಿಸಿದ ಇದರಲ್ಲಿ ಆಲಿವ್ ಹಸಿರು ಮತ್ತು ಮಣ್ಣಿನ ಬಣ್ಣಗಳು ಬೆರೆತಿವೆ. ಹಳೆಯ ವಿನ್ಯಾಸದ ಬಟ್ಟೆ ಪೇಟೆಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿದ್ದುದರಿಂದ ಹೊಸದರ ಹಕ್ಕನ್ನು ಸೇನೆ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡಿದೆ. ರಷ್ಯಾ, ಚೀನಾ, ಫಿನ್‌ಲ್ಯಾಂಡ್, ಜೋರ್ಡಾನ್ ಸೇನೆಗಳೂ ಪಿಕ್ಸೆಲ್ ವಿನ್ಯಾಸ ತೊಟ್ಟಿವೆ. ಕೆನಡಾ ಚೌಕಗಳನ್ನು ಉಳಿಸಿಕೊಂಡೇ ಹಲವು ನೆಲಗಳಿಗೆ ಹೊಂದುವ ಹೊಸ ಬಣ್ಣಗಳತ್ತ ಹೊರಳಿದೆ, ಮೆರೀನ್ ಪಡೆ ಮಾರ್ಪ್ಯಾಟ್ ಬಿಟ್ಟಿಲ್ಲ. ಬಾಳಿದ ವಿನ್ಯಾಸಗಳು ತಾವು ಅಡಗಬೇಕಾದ ನೆಲದಿಂದ ಬಣ್ಣ ಪಡೆದಿವೆ. ಚೌಕದ ಮೇಲೆ ಮಾತ್ರ ಭಾರ ಹಾಕಿದವು ಗೋದಾಮು ಸೇರಿವೆ.