ಕೌಟುಂಬಿಕ ನ್ಯಾಯಾಲಯ: ಶಾಸನದ ಆಶಯವೂ ಕಲಾಪದ ರೀತಿಯೂ

ಮುರಿದುಹೋದ ದಾಂಪತ್ಯವನ್ನು ವಿಧಿವತ್ತಾಗಿ ಮುಗಿಸಿಕೊಳ್ಳಬೇಕೆಂದು ಬರುವ ಗಂಡಹೆಂಡಿರು, ಹೊಲದ ಬದುವಿಗಾಗಿ ಕಾದಾಡುವ ದಾಯಾದಿಗಳಂತೆ ಎದುರುಬದುರಾಗಿ ನಿಂತು ಒಬ್ಬರನ್ನೊಬ್ಬರು ಹಳಿಯಬೇಕಾದ ದುರವಸ್ಥೆಯನ್ನು ತಪ್ಪಿಸಬೇಕೆಂಬ ಸದಾಶಯದಿಂದ ಹುಟ್ಟಿದ್ದು 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮ. ಅದರ ಹಿಂದೆ ದುರ್ಗಾಬಾಯಿ ದೇಶಮುಖರಂಥವರ ಒತ್ತಾಯವುಂಟು. 1974ರ ಕಾನೂನು ಆಯೋಗದ ವರದಿಯ ಶಿಫಾರಸುಂಟು. ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯವೆಂದು ಅದರ 9ನೆಯ ಪ್ರಕರಣ ವಿಧಿಸುತ್ತದೆ. ವಕೀಲರ ಮೂಲಕವೇ ವಾದಿಸುವುದು ಯಾರ ಹಕ್ಕೂ ಅಲ್ಲವೆಂದು 13ನೆಯದು ಹೇಳುತ್ತದೆ. ಸಾಕ್ಷ್ಯದ ಕಟ್ಟುಪಾಡುಗಳನ್ನು 14ನೆಯದು ಸಡಿಲಿಸುತ್ತದೆ. ಈ ಮೂರನ್ನೂ ಒಟ್ಟಿಗೆ ಓದಿದವನಿಗೆ, ನೊಂದವರು ತಮ್ಮ ಮಾತನ್ನು ತಮ್ಮ ಬಾಯಿಂದಲೇ ಆಡಬೇಕು, ಕೇಳುವವರು ಅದನ್ನು ತಾಳ್ಮೆಯಿಂದ ಕೇಳಬೇಕು ಎಂಬುದೇ ಶಾಸನಕರ್ತರ ಹೃದ್ಗತವೆಂದು ತಿಳಿಯದಿರದು.

ನಾನು ನ್ಯಾಯಶಾಸ್ತ್ರವನ್ನು ಓದಿದವನಲ್ಲ. ನನ್ನ ಅಣ್ಣನ ಮಗಳ ಜೊತೆಯಲ್ಲಿ ಮೂರು ವರ್ಷ ಅಂಥದೊಂದು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿಳಿದವನು. ಹನ್ನೊಂದು ಗಂಟೆಗೆ ಹೆಸರು ಕೂಗುವರೆಂದು ಹತ್ತಕ್ಕೇ ಹೋಗಿ ಪಡಸಾಲೆಯ ಬೆಂಚಿನ ಮೇಲೆ ಕುಳಿತರೆ, ಕೂಗು ಬರುವುದು ಊಟದ ಹೊತ್ತಿಗೆ. ಒಳಗೆ ಹೋದ ಎರಡು ನಿಮಿಷದಲ್ಲಿ ಮುಂದಿನ ವಾಯಿದೆಯ ದಿನವನ್ನು ಬರೆದುಕೊಂಡು ಹೊರಗೆ ಬರುವುದು. ಈ ಕಾಯುವಿಕೆಯನ್ನು ನಾನು ದೊಡ್ಡ ದೋಷವಾಗಿ ಎಣಿಸುವುದಿಲ್ಲ. ನ್ಯಾಯಾಧೀಶರ ಮೇಜಿನ ಮೇಲಿನ ಕಟ್ಟುಗಳ ಎತ್ತರವನ್ನು ಕಂಡವರಾರೂ ಅವರನ್ನು ದೂರಲಾರರು. ನನ್ನನ್ನು ನೋಯಿಸಿದ್ದು ಬೇರೊಂದು.

ಆಕೆಯ ಅರ್ಜಿ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲದಿದ್ದರೂ, ನಮ್ಮ ವಕೀಲರು ಎಂದೋ ಯಾರಿಗೋ ಸಿದ್ಧಪಡಿಸಿದ ಕರಡಿನಲ್ಲಿ ಹೆಸರು, ತಾರೀಖುಗಳನ್ನು ಬದಲಾಯಿಸಿ, ಪ್ರತಿ ಪುಟದ ಅಡಿಯಲ್ಲೂ ಆಕೆಯ ಸಹಿ ಹಾಕಿಸಿಕೊಂಡಿದ್ದರು. ಪಾಟೀಸವಾಲಿನ ದಿನ ಎದುರುಪಕ್ಷದ ವಕೀಲರು ಅದರ ಒಂದು ಪರಿಚ್ಛೇದವನ್ನು ಕನ್ನಡಿಸಿ ಓದಿ, ಅತ್ತೆ ಅನ್ನ ಹಾಕದೆ ಉಪವಾಸ ಕೆಡವಿದಳೆಂದು ಬರೆದಿದ್ದೀರಲ್ಲ, ಯಾವ ದಿನ ಎಂದು ಕೇಳಿದಾಗ, ಕಟಕಟೆಯಲ್ಲಿ ನಿಂತಿದ್ದ ಹುಡುಗಿ ಬೆರಗಾಗಿ ನನ್ನತ್ತ ನೋಡಿದಳು. ಹೊರಗೆ ಬಂದ ಮೇಲೆ, “ಚಿಕ್ಕಪ್ಪ, ಈ ಮಾತು ನಾನು ಯಾವಾಗ ಹೇಳಿದೆ? ಅವರು ನನಗೆ ಬಡಿಸದೆ ತಾವು ಉಂಡವರೇ ಅಲ್ಲ” ಎಂದಳು. ಕ್ರೌರ್ಯವನ್ನು ರುಜುವಾತುಪಡಿಸಬೇಕಾದ ಕಾನೂನಿನ ಅಗತ್ಯಕ್ಕಾಗಿ, ಇದ್ದ ನೋವಿನ ಜಾಗದಲ್ಲಿ ಇಲ್ಲದ ನೋವನ್ನು ಬರೆದು, ಆಕೆಯ ಬಾಯಲ್ಲಿ ಆಕೆಯದಲ್ಲದ ಮಾತನ್ನಿಟ್ಟ ಪದ್ಧತಿಯನ್ನು 13ನೆಯ ಪ್ರಕರಣದ ಪಕ್ಕದಲ್ಲಿಟ್ಟು ನೋಡಿದರೆ, ಶಾಸನವೂ ಆಚರಣೆಯೂ ಎಷ್ಟು ದೂರ ಸರಿದಿವೆಯೆಂಬುದು ವಿಶದವಾಗುತ್ತದೆ.

ಇನ್ನು ಪಾತ್ರೆಪಡಗಗಳ ಮಾತು. ಹೋದ ಸೊಸೆಯ ಸಾಮಾನು ಗಂಡನ ಮನೆಯಲ್ಲಿ ಉಳಿದಿರುತ್ತದೆ. ವಿಚ್ಛೇದನಕ್ಕಿಂತ ಅದರ ಜಗಳವೇ ಎಷ್ಟೋ ವೇಳೆ ದೀರ್ಘವಾದದ್ದು. ಹಿಂದೂ ಸ್ತ್ರೀಯರ ಹಕ್ಕುಗಳ ವಿಷಯದಲ್ಲಿ 1933ರಷ್ಟು ಹಿಂದೆಯೇ ಶಾಸನ ಮಾಡಿ ಸ್ತ್ರೀಧನದ ಲಕ್ಷಣವನ್ನು ನಿರೂಪಿಸಿದ್ದ ಮೈಸೂರು ಸಂಸ್ಥಾನದ ವಾರಸುದಾರರಾದ ನಮಗೆ ಇದು ಹೊಸ ವಿಚಾರವಲ್ಲ. ಆದರೆ 1955ರ ಹಿಂದೂ ವಿವಾಹ ಅಧಿನಿಯಮದ 27ನೆಯ ಪ್ರಕರಣ ಮಾತನಾಡುವುದು ಮದುವೆಯ ಸಮಯದಲ್ಲಿ ಬಂದ, ಇಬ್ಬರಿಗೂ ಕೂಡಿ ಸೇರಿದ ವಸ್ತುಗಳನ್ನು ಕುರಿತು. ಹೆಣ್ಣಿನ ಸ್ವಂತದ್ದಕ್ಕೆ ಬೇರೆ ಅರ್ಜಿ ಬೇಕು, ಬೇರೆ ಸಾಕ್ಷ್ಯ ಬೇಕು. ನೆರೆಹೊರೆಯ ಇಬ್ಬರಲ್ಲಿ ಹತ್ತು ಸಾವಿರ ರೂಪಾಯಿಯ ಸಾಲದ ತಗಾದೆ ಬಂದರೆ, ಬೆಂಗಳೂರಿನಂಥ ಊರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವು ಸಾಕ್ಷ್ಯದ ಸಾರವನ್ನಷ್ಟೇ ಬರೆದುಕೊಂಡು ಸಂಕ್ಷಿಪ್ತ ವಿಚಾರಣೆಯಿಂದ ತೀರಿಸಬಲ್ಲುದು. ಗಂಡಹೆಂಡಿರ ನಡುವಣ ಸೊತ್ತಿನ ವ್ಯಾಜ್ಯವಾದರೆ, ಅದು ಒಂದು ಕೊಳದಪ್ಪಲೆಯದ್ದೇ ಆಗಿರಲಿ, ಹೋಗಬೇಕಾದದ್ದು ಕೌಟುಂಬಿಕ ನ್ಯಾಯಾಲಯಕ್ಕೆ. ಹಾಗೆ ಸೇರಿಸಿದ್ದು ತಪ್ಪಲ್ಲ. ಒಂದೇ ಮನೆಯ ದುಃಖವನ್ನು ನಾಲ್ಕು ಕಚೇರಿಗಳಲ್ಲಿ ಹಂಚಬಾರದೆಂಬುದು ಯುಕ್ತವೇ. ಆದರೆ ಲಘು ವ್ಯವಹಾರದ ಲಾಘವವು ಸಾಮಾನಿನ ಜೊತೆಗೆ ಅಲ್ಲಿಗೆ ಬರಲಿಲ್ಲ. ಹಿತ್ತಾಳೆಯ ಪಾತ್ರೆಗೂ ಪ್ರಮಾಣಪತ್ರ, ಆಕ್ಷೇಪಣೆ, ಪಾಟೀಸವಾಲು, ವಾಯಿದೆಗಳೇ ಗತಿಯಾದವು.

ಈ ಮಧ್ಯೆ ಮಾರ್ಗವನ್ನು ಸುಗಮಗೊಳಿಸಿದವರೂ ಇಲ್ಲದಿಲ್ಲ. ಹಿಂದೂ ವಿವಾಹ ಅಧಿನಿಯಮಕ್ಕೆ 1976ರ ತಿದ್ದುಪಡಿಯಿಂದ ಬಂದ 13-ಬಿ ಪ್ರಕರಣ, ಒಂದು ವರ್ಷ ಬೇರೆಯಿದ್ದ ದಂಪತಿಗಳು ಪರಸ್ಪರ ಸಮ್ಮತಿಯಿಂದ ಅಗಲಲು ಅವಕಾಶವಿತ್ತಿತು. ಅರ್ಜಿಯ ತರುವಾಯ ಆರು ತಿಂಗಳು ಕಾಯಬೇಕೆಂಬ ವಿಧಿಯನ್ನು, ರಾಜಿಯ ಆಸೆ ಪೂರಾ ಕಡಿದುಹೋಗಿ ಉಳಿದೆಲ್ಲ ಇತ್ಯರ್ಥವಾಗಿದ್ದಲ್ಲಿ ಮನ್ನಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿತು. ಜೀವನಾಂಶದ ಪ್ರಕರಣಗಳಲ್ಲಿ ಉಭಯಪಕ್ಷಗಳೂ ಆಸ್ತಿ, ಸಾಲ, ವರಮಾನಗಳನ್ನು ಪ್ರಮಾಣಪೂರ್ವಕವಾಗಿ ಹೇಳಬೇಕು, ಜೀವನಾಂಶವು ಅರ್ಜಿಯ ದಿನದಿಂದಲೇ ಸಲ್ಲಬೇಕು ಎಂದು 2020ರಲ್ಲಿ ನಿರ್ದೇಶಿಸಿತು. ಇವು ನಿಜವಾದ ಉಪಕಾರಗಳು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟೀಸು ಮುಟ್ಟಿದ 60 ದಿನಗಳೊಳಗೆ ಸಾಧ್ಯವಾದಮಟ್ಟಿಗೆ ತೀರಿಸಬೇಕೆಂಬ ವಿಧಿಯಾದರೋ ಪುಸ್ತಕದಲ್ಲಿ ಉಂಟು. ನಮ್ಮ ಹುಡುಗಿಗೆ ಆ ಆದೇಶ ದೊರೆತದ್ದು ಹದಿನಾಲ್ಕನೆಯ ತಿಂಗಳಿನಲ್ಲಿ. ಅಷ್ಟರಲ್ಲಿ ಆಕೆ ಕೊರಳಿನ ಸರವನ್ನು ಮಾರಿ ಮಗುವಿನ ಶಾಲೆಯ ಹಣ ಕಟ್ಟಿದ್ದಳು.

ಈ ಇಡೀ ವ್ಯವಸ್ಥೆಯಲ್ಲಿ ಶಾಸನದ ಆಶಯ ಜೀವಂತವಾಗಿರುವುದನ್ನು ನಾನು ಕಂಡದ್ದು ಮಧ್ಯಸ್ಥಿಕೆಯ ಕೋಣೆಯೊಂದರಲ್ಲಿ. ಬೆಂಗಳೂರಿನಲ್ಲಿ 2007ರಿಂದ ನಡೆದುಬಂದಿರುವ ಮಧ್ಯಸ್ಥಿಕೆಯ ಏರ್ಪಾಡನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದು ಮೂರನೆಯ ವರ್ಷಕ್ಕಲ್ಲ, ಮೊದಲನೆಯ ತಿಂಗಳಿಗೇ ಎಲ್ಲರಿಗೂ ದೊರೆಯತಕ್ಕದ್ದು ಎಂಬುದೇ ನನ್ನ ವಾದ. ಆ ಕೋಣೆಯಲ್ಲಿ ಕಟಕಟೆಯಿಲ್ಲ, ಕೂಗುವ ಜವಾನನಿಲ್ಲ. ಒಂದು ದುಂಡುಮೇಜು, ನಾಲ್ಕು ಕುರ್ಚಿ, ಒಂದು ನೀರಿನ ಹೂಜಿ. ಮಧ್ಯಸ್ಥರಾದ ಹಿರಿಯ ಮಹಿಳೆ ಕಾಗದಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ, “ನೀವೇ ಹೇಳಮ್ಮ, ನಿಮಗೆ ಏನು ಬೇಕು” ಎಂದು ನಮ್ಮ ಹುಡುಗಿಯನ್ನು ಕನ್ನಡದಲ್ಲಿ ಕೇಳಿದರು. ಮೂರು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಆಕೆಗೆ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಕೆ ಕೈಚೀಲದಿಂದ ಗೆರೆ ಹಾಕಿದ ಹಾಳೆಯೊಂದನ್ನು ತೆಗೆದಳು. ನಮ್ಮ ಅತ್ತಿಗೆ ಮದುವೆಯ ವಾರದಲ್ಲಿ ಬರೆದಿಟ್ಟ ಪಟ್ಟಿ ಅದು: ಬೀರು ಒಂದು, ಬೆಳ್ಳಿ ಪಂಚಪಾತ್ರೆ ಉದ್ಧರಣೆ, ಕೊಳದಪ್ಪಲೆ ಎರಡು, ರುಬ್ಬುವ ಕಲ್ಲು ಒಂದು, ಹೀಗೆ ನಲವತ್ತೊಂದು ಸಾಲು. ಎದುರಿಗೆ ಕುಳಿತಿದ್ದ ಅಳಿಯ ತಲೆಯೆತ್ತದೆ ಒಂದೊಂದಕ್ಕೂ ಹೂಂಗುಟ್ಟಿದ. ರುಬ್ಬುವ ಕಲ್ಲಿನ ಸಾಲಿಗೆ ಬಂದಾಗ ಆಕೆ ಪೆನ್ನು ತೆಗೆದುಕೊಂಡು ತಾನೇ ಅದನ್ನು ಹೊಡೆದುಹಾಕಿ, “ಅದು ಅತ್ತೆಯವರ ಕೈಗೆ ಪಳಗಿದೆ, ಅಲ್ಲೇ ಇರಲಿ” ಎಂದಳು.